ಬಕೀಯ ಗುಮ್ಮಟಗಳು: ಹಿಜಾಜಿನ ಸಮಾಧಿಧ್ವಂಸವನ್ನು ಕುರಿತು ಒಂದು ವಿಚಾರ

ಮದೀನಾ ನಗರದಲ್ಲಿ ಪೈಗಂಬರ್ ಮಹಮ್ಮದರ ಮಸೀದಿಯ ಪೂರ್ವಕ್ಕೆ, ಕೂಗಳತೆಯ ದೂರದಲ್ಲಿ, ಬಕೀ ಎಂಬ ಪುರಾತನ ಖಬರಸ್ತಾನವಿದೆ. ಪೈಗಂಬರರ ಪತ್ನಿಯರಲ್ಲಿ ಬಹುಮಂದಿ, ಅವರ ಪುತ್ರಿಯರು, ಶೈಶವದಲ್ಲಿಯೇ ತೀರಿಕೊಂಡ ಪುತ್ರ ಇಬ್ರಾಹೀಂ, ಚಿಕ್ಕಪ್ಪನಾದ ಅಬ್ಬಾಸ್, ಮೂರನೆಯ ಖಲೀಫನಾದ ಉಸ್ಮಾನ್, ಮಾಲಿಕೀ ನ್ಯಾಯಪಂಥದ ಮೂಲಪುರುಷನಾದ ಮಾಲಿಕ್ ಇಬ್ನ್ ಅನಸ್, ಇವರೆಲ್ಲರ ಸಮಾಧಿಗಳೂ ಇಲ್ಲಿಯೇ ಇವೆ. ಶಿಯಾ ಪಂಥದವರು ಪೂಜ್ಯರೆಂದು ಭಾವಿಸುವ ಹನ್ನೆರಡು ಮಂದಿ ಇಮಾಮರಲ್ಲಿ ಹಸನ್, ಜೈನುಲ್ ಆಬಿದೀನ್, ಮಹಮ್ಮದ್ ಬಾಕಿರ್, ಜಾಫರ್ ಸಾದಿಕ್ ಎಂಬ ನಾಲ್ವರ ಗೋರಿಗಳೂ ಇಲ್ಲಿ ಒತ್ತೊತ್ತಾಗಿವೆ. ಇಸ್ಲಾಮಿನ ಇತಿಹಾಸದಲ್ಲಿ ಇಷ್ಟೊಂದು ಹೆಸರಾಂತ ಮೃತರನ್ನು ಒಂದೆಡೆ ಹೊಂದಿರುವ ಭೂಮಿ ಮತ್ತೊಂದಿಲ್ಲ. ಆದರೆ ಇಂದು ಅಲ್ಲಿಗೆ ಹೋದ ಯಾತ್ರಿಕನಿಗೆ ಕಾಣುವುದು ಗೋಡೆಯಿಂದ ಸುತ್ತುವರಿದ ಬಯಲು, ಮಣ್ಣಿನ ದಿಬ್ಬಗಳು, ಹೆಸರು ಕೆತ್ತದ ಕಲ್ಲುಗಳು, ಇಷ್ಟು ಮಾತ್ರ.

ಈ ಬಯಲು ಮೊದಲಿನಿಂದಲೂ ಹೀಗಿರಲಿಲ್ಲ. ಇಲ್ಲಿದ್ದ ಗುಮ್ಮಟಗಳು ಎರಡು ಬಾರಿ ನೆಲಸಮವಾದುವು. ಮೊದಲನೆಯದು 1806ರ ಸುಮಾರಿನಲ್ಲಿ, ಎರಡನೆಯದು 1926ರಲ್ಲಿ. ಎರಡನ್ನೂ ಮಾಡಿದವರು ನಜ್ದ್ ಪ್ರಾಂತದಿಂದ ಬಂದ ಒಂದೇ ಮತಸುಧಾರಣಾ ಪಂಥದವರು. ಎರಡಕ್ಕೂ ಆಧಾರವಾಗಿ ಹೇಳಿದ ಸಿದ್ಧಾಂತವೂ ಒಂದೇ. ಆದರೂ ಮೊದಲನೆಯ ಬಾರಿ ಬಿದ್ದ ಗುಮ್ಮಟಗಳು ಕೆಲವೇ ವರ್ಷಗಳಲ್ಲಿ ಮತ್ತೆ ಎದ್ದು ನಿಂತುವು. ಎರಡನೆಯ ಬಾರಿ ಬಿದ್ದವು ಏಳಲಿಲ್ಲ. ಅಷ್ಟೇ ಅಲ್ಲ, ಅದೇ ಸಿದ್ಧಾಂತದ ಪ್ರಕಾರ ಎಲ್ಲಕ್ಕಿಂತ ಮೊದಲು ಬೀಳಬೇಕಾಗಿದ್ದ ಗುಮ್ಮಟವೊಂದು ಎರಡು ಬಾರಿಯೂ ಉಳಿದುಕೊಂಡಿತು. ಇದಕ್ಕೆ ಕಾರಣವೇನೆಂಬುದನ್ನು ಸಿದ್ಧಾಂತದಲ್ಲಿ ಹುಡುಕಿದರೆ ಸಿಕ್ಕಲಾರದು, ರಾಜಕೀಯದಲ್ಲಿ ಹುಡುಕಬೇಕು ಎಂಬುದೇ ಈ ಲೇಖನದ ವಾದ.

ಬಿಜಾಪುರದ ಗೋಲಗುಮ್ಮಟವನ್ನೂ ಗುಲ್ಬರ್ಗದ ಬಂದೇನವಾಜರ ದರ್ಗಾವನ್ನೂ ಕಂಡು ಬೆಳೆದ ನಮಗೆ ಮುಸಲ್ಮಾನರ ಗೋರಿಯ ಮೇಲೆ ಕಟ್ಟಡವಿರುವುದು ತೀರ ಸಹಜವೆನಿಸುತ್ತದೆ. ವಾಸ್ತವವಾಗಿ ಈ ಪದ್ಧತಿ ಇಸ್ಲಾಮಿನೊಡನೆ ಹುಟ್ಟಿದುದಲ್ಲ. ಆದಿಕಾಲದ ಗೋರಿಗಳು ಬಹು ಸರಳವಾಗಿದ್ದುವು. ಕೆಲವು ಶತಮಾನಗಳು ಕಳೆದ ಮೇಲೆ ಗುಮ್ಮಟಗಳು ಬಂದುವು. 1184ರಲ್ಲಿ ಮದೀನೆಯನ್ನು ಸಂದರ್ಶಿಸಿದ ಆಂದಲೂಸಿಯದ ಪ್ರವಾಸಿ ಇಬ್ನ್ ಜುಬೈರನು ಬಕೀಯಲ್ಲಿ ಮಾಲಿಕನ ಗೋರಿಯ ಮೇಲಿನ ಚಿಕ್ಕ ಗುಮ್ಮಟವನ್ನೂ, ಇಬ್ರಾಹೀಮನ ಗೋರಿಯ ಬಿಳಿಯ ಗುಮ್ಮಟವನ್ನೂ, ಅಬ್ಬಾಸ್ ಮತ್ತು ಹಸನರಿಬ್ಬರನ್ನೂ ಒಳಗೊಂಡ ಎತ್ತರವಾದ ಗುಮ್ಮಟವನ್ನೂ ವರ್ಣಿಸಿದ್ದಾನೆ. ಅಬ್ಬಾಸ್ ಹಸನರ ಗೋರಿಗಳಿಗೆ ಹೊದಿಸಿದ್ದ ಮರದ ಹಲಗೆಗಳು, ಅವುಗಳ ಮೇಲೆ ಬಡಿದಿದ್ದ ಹಿತ್ತಾಳೆಯ ತಗಡುಗಳು, ಮೊಳೆಗಳ ಜೋಡಣೆ, ಇವುಗಳನ್ನು ಅವನು ಮೆಚ್ಚಿ ನೋಡಿದನು. ಅಂದಮೇಲೆ ಆ ವೇಳೆಗೆ ಗೋರಿಯ ಮೇಲಿನ ಕಟ್ಟಡ ವಿದ್ವಾಂಸನೊಬ್ಬನ ಕಣ್ಣಿಗೂ ಆಕ್ಷೇಪಾರ್ಹವಾಗಿ ತೋರುತ್ತಿರಲಿಲ್ಲ.

ಆಕ್ಷೇಪಣೆ ಮಾತ್ರ ಹಳೆಯದು. ಎದ್ದುನಿಂತ ಗೋರಿಗಳನ್ನು ನೆಲಕ್ಕೆ ಸಮಮಾಡುವಂತೆ ಪೈಗಂಬರರು ಅಲಿಗೆ ಅಪ್ಪಣೆಯಿತ್ತಿದ್ದರೆಂದೂ, ಅದನ್ನೇ ಅಲಿಯು ಮುಂದೆ ತನ್ನ ಅನುಚರನೊಬ್ಬನಿಗೆ ವಿಧಿಸಿದನೆಂದೂ ತಿಳಿಸುವ ಹದೀಸೊಂದು ಪ್ರಮಾಣಭೂತ ಸಂಗ್ರಹಗಳಲ್ಲಿದೆ. ಗೋರಿಗಳನ್ನು ಪ್ರಾರ್ಥನಾಸ್ಥಾನವನ್ನಾಗಿ ಮಾಡಿಕೊಳ್ಳುವುದನ್ನು ನಿಷೇಧಿಸುವ ಹದೀಸುಗಳೂ ಉಂಟು. ಇವುಗಳಿಗೆದುರಾಗಿ, ಪೈಗಂಬರರೇ ರಾತ್ರಿವೇಳೆ ಬಕೀಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುತ್ತಿದ್ದರೆಂಬ ಸಂಪ್ರದಾಯವೂ ಅಷ್ಟೇ ಪ್ರಬಲವಾಗಿದೆ. ಹದಿನಾಲ್ಕನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಹಂಬಲೀ ಪಂಡಿತ ಇಬ್ನ್ ತೈಮಿಯ್ಯನು (1263–1328) ಸಂತರ ಗೋರಿಗಳನ್ನು ನೋಡುವುದಕ್ಕಾಗಿಯೇ ಯಾತ್ರೆ ಕೈಗೊಳ್ಳುವುದು ಸಲ್ಲದೆಂದು ತೀರ್ಪಿತ್ತು, ಆ ಕಾರಣದಿಂದ 1326ರಲ್ಲಿ ಬಂಧಿತನಾಗಿ ಕೋಟೆಯ ಸೆರೆಯಲ್ಲಿಯೇ ಮೃತನಾದನು. ಅವನ ಶವಯಾತ್ರೆಗೆ ನೆರೆದ ಜನಸಂದಣಿಯಲ್ಲಿ ಕೆಲವರು ದೇಹವನ್ನು ತೊಳೆದ ನೀರನ್ನು ಪ್ರಸಾದವೆಂಬಂತೆ ಕುಡಿದರೆಂದು ಅವನ ಶಿಷ್ಯನಾದ ಇಬ್ನ್ ಕಸೀರನೇ ಬರೆದಿಟ್ಟಿದ್ದಾನೆ. ಪಂಡಿತನ ತೀರ್ಪಿಗೂ ಜನರ ಹೃದಯಕ್ಕೂ ಇದ್ದ ಅಂತರವನ್ನು ತಿಳಿಯಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಈ ಪಂಡಿತನ ಗ್ರಂಥಗಳನ್ನು ನಾಲ್ಕು ಶತಮಾನಗಳ ತರುವಾಯ ಕೈಗೆತ್ತಿಕೊಂಡವನು ಮಹಮ್ಮದ್ ಇಬ್ನ್ ಅಬ್ದುಲ್ ವಹಾಬ್. ಇವನು 1703ರಲ್ಲಿ ಮಧ್ಯ ಅರೇಬಿಯದ ನಜ್ದ್ ಪ್ರಾಂತದ ಉಯೈನಾ ಎಂಬ ಊರಿನಲ್ಲಿ ಹುಟ್ಟಿದನು. ಇವನ ಅನುಯಾಯಿಗಳು ತಮ್ಮನ್ನು ಏಕದೇವವಾದಿಗಳೆಂದು ಕರೆದುಕೊಂಡರು. ವಹಾಬಿಗಳೆಂಬುದು ವಿರೋಧಿಗಳು ಇಟ್ಟ ಹೆಸರು, ರೂಢಿಯಲ್ಲಿ ಅದೇ ಉಳಿದಿದೆ. ಮೃತರ ಮಧ್ಯಸ್ಥಿಕೆಯನ್ನು ಬೇಡುವುದು, ಗೋರಿಗೆ ಹರಕೆ ಹೊರುವುದು, ಮರಕ್ಕೆ ಬಟ್ಟೆ ಕಟ್ಟುವುದು, ಇವೆಲ್ಲವೂ ದೇವರಿಗೆ ಸಮಾನರನ್ನು ಕಲ್ಪಿಸುವ ಮಹಾಪಾಪವೆಂಬುದು ಅವನ ಬೋಧೆಯ ತಿರುಳು. ಇಷ್ಟನ್ನು ಬೇರೆಯವರೂ ಹೇಳಿದ್ದುಂಟು. ಇವನ ವೈಶಿಷ್ಟ್ಯವೆಂದರೆ, ಹೀಗೆ ಮಾಡುವವನು ತಪ್ಪಿದ ಮುಸಲ್ಮಾನನಲ್ಲ, ಮುಸಲ್ಮಾನನೇ ಅಲ್ಲ, ಆದುದರಿಂದ ಅವನ ಮೇಲೆ ಯುದ್ಧಮಾಡುವುದು ಧರ್ಮಸಮ್ಮತ ಎಂದುದು. ಅವನ ಸ್ವಂತ ಸಹೋದರನಾದ ಸುಲೈಮಾನನೇ ಈ ಮಾತನ್ನು ಖಂಡಿಸಿ ಗ್ರಂಥ ಬರೆದನೆಂಬುದನ್ನು ಮರೆಯಬಾರದು.

ಅವನ ಮೊದಲ ಧ್ವಂಸಕಾರ್ಯ ನಡೆದುದು ಜುಬೈಲಾ ಎಂಬಲ್ಲಿ. ಅಲ್ಲಿ ಎರಡನೆಯ ಖಲೀಫ ಉಮರನ ಸಹೋದರನಾದ ಜೈದನ ಗೋರಿಯ ಮೇಲೊಂದು ಗುಮ್ಮಟವಿದ್ದಿತು. ಉಯೈನಾದ ಅಧಿಪತಿ ಸುಮಾರು 600 ಜನರೊಡನೆ ಬೆಂಗಾವಲಾಗಿ ಬಂದಿದ್ದರೂ ಗುಮ್ಮಟದ ಮೇಲೆ ಕೈಮಾಡಲು ಹಿಂಜರಿದನಂತೆ. ಆಗ ಮಹಮ್ಮದನು ತಾನೇ ಕೊಡಲಿ ಹಿಡಿದು ಕೆಡವಿದನು. ಆ ರಾತ್ರಿ ಅವನಿಗೇನು ಕೇಡು ಬಂದೀತೆಂದು ಸುತ್ತಲಿನ ಜನ ಕಾದುಕೊಂಡಿದ್ದರು. ಬೆಳಗಾದಾಗ ಅವನು ಸ್ವಸ್ಥನಾಗಿಯೇ ಎದ್ದನು. ಈ ಕಥೆಯನ್ನು ಹೇಳುವವನು ನಜ್ದಿನ ಚರಿತ್ರಕಾರನಾದ ಇಬ್ನ್ ಬಿಶ್ರ್. ಅವನು ಪಂಥದ ಅಭಿಮಾನಿಯಾದುದರಿಂದ ಕಥೆಯನ್ನು ಸ್ವಲ್ಪ ಜಾಗರೂಕತೆಯಿಂದ ಓದಬೇಕಾದರೂ, ಗುಮ್ಮಟ ಕೆಡವುವುದು ಈ ಪಂಥಕ್ಕೆ ಕೇವಲ ವಿಧಿಯಾಗಿರದೆ ಒಂದು ನಿದರ್ಶನವೂ ಆಗಿತ್ತೆಂಬುದು, ಎಂದರೆ ಗೋರಿಗೆ ಯಾವ ಶಕ್ತಿಯೂ ಇಲ್ಲವೆಂದು ತೋರಿಸಿಕೊಡುವ ಉಪಾಯವಾಗಿತ್ತೆಂಬುದು, ಇದರಿಂದ ಸ್ಪಷ್ಟವಾಗುತ್ತದೆ.

ಉಯೈನಾದಿಂದ ಹೊರದೂಡಲ್ಪಟ್ಟ ಅವನಿಗೆ 1744ರ ಸುಮಾರಿನಲ್ಲಿ ದಿರಿಯ್ಯಾದ ಮಹಮ್ಮದ್ ಇಬ್ನ್ ಸೌದನು ಆಶ್ರಯವಿತ್ತನು. ಧರ್ಮಬೋಧಕನ ಮಾತು, ಪಾಳೆಯಗಾರನ ಕತ್ತಿ ಹೀಗೆ ಒಂದುಗೂಡಿದುವು. ಬೋಧಕನು 1792ರಲ್ಲಿ ತೀರಿಕೊಳ್ಳುವಷ್ಟರಲ್ಲಿ ನಜ್ದ್ ಬಹುಪಾಲು ಸೌದ್ ಮನೆತನದ ವಶವಾಗಿತ್ತು. 1802ರಲ್ಲಿ ಅವರ ಸೈನ್ಯ ಇರಾಕಿನ ಕರ್ಬಲಾದ ಮೇಲೆ ಬಿದ್ದಿತು. ಊರಿನ ಅನೇಕ ಗಂಡಸರು ಹಬ್ಬದ ನಿಮಿತ್ತ ನಜಫಿಗೆ ಹೋಗಿದ್ದ ಸಮಯವದು. ಹುಸೇನನ ಗೋರಿಯ ಗುಮ್ಮಟವನ್ನು ಕೆಡವಿ, ಭಕ್ತರು ಶತಮಾನಗಳಿಂದ ಅರ್ಪಿಸಿದ್ದ ಸಂಪತ್ತನ್ನು ದೋಚಿ, ಅದೇ ದಿನ ಅವರು ಹಿಂದಿರುಗಿದರು. ಸುಮಾರು ಎರಡು ಸಾವಿರ ಮಂದಿ ಹತರಾದರೆಂದು ಇಬ್ನ್ ಬಿಶ್ರನೇ ಒಪ್ಪುತ್ತಾನೆ. ಈ ಘಟನೆಗೆ ಭಾರತೀಯನೊಬ್ಬನ ಸಾಕ್ಷ್ಯವೂ ದೊರೆಯುತ್ತದೆ. ಯೂರೋಪಿನ ಪ್ರವಾಸ ಮುಗಿಸಿ ಹಿಂದಿರುಗುತ್ತಿದ್ದ ಲಖನೌದ ಮಿರ್ಜಾ ಅಬು ತಾಲಿಬ್ ಖಾನನು 1803ರಲ್ಲಿ, ಎಂದರೆ ದಾಳಿಯಾಗಿ ಒಂದು ವರ್ಷ ತುಂಬುವ ಮೊದಲೇ, ಕರ್ಬಲಾವನ್ನು ಕಂಡನು. ಹತರಾದವರ ಸಂಖ್ಯೆ ಐದು ಸಾವಿರವೆಂದು ಅವನಿಗೆ ಅಲ್ಲಿ ಹೇಳಿದರು. ಅಲ್ಲಿಯೇ ನೆಲಸಿದ್ದ ಅವನ ಬಂಧುವಾದ ವೃದ್ಧೆಯೊಬ್ಬಳು ಸರ್ವಸ್ವವನ್ನೂ ಕಳೆದುಕೊಂಡಿದ್ದಳು. ಎರಡು ಸಾವಿರಕ್ಕೂ ಐದು ಸಾವಿರಕ್ಕೂ ನಡುವೆ ಎಲ್ಲಿಯೋ ಸತ್ಯವಿರಬೇಕು. ಗೆದ್ದವನು ಒಪ್ಪಿಕೊಂಡ ಕನಿಷ್ಠ ಸಂಖ್ಯೆಯೇ ಸಾಕಷ್ಟು ಭೀಕರವಾಗಿದೆ.

1803ರಲ್ಲಿ ತಾಯಿಫ್ ನಗರ ಕೊಳ್ಳೆಹೋಯಿತು. ಅದೇ ವರ್ಷ ಮಕ್ಕಾ ವಶವಾಯಿತು. ಮಕ್ಕೆಯಲ್ಲಿ ಇಪ್ಪತ್ತು ದಿನಗಳಿಗೂ ಮೀರಿ ಗುಮ್ಮಟಗಳನ್ನು ಕೆಡವುವ ಕಾರ್ಯ ನಡೆಯಿತೆಂದು ಇಬ್ನ್ ಬಿಶ್ರನು ಹೆಮ್ಮೆಯಿಂದ ದಾಖಲಿಸಿದ್ದಾನೆ. 1805ರಲ್ಲಿ ಮದೀನೆಯೂ ಶರಣಾಯಿತು. ಬಕೀಯ ಗುಮ್ಮಟಗಳು ಮೊದಲ ಸಲ ಬಿದ್ದುದು ಆಗ.

ಪೈಗಂಬರರ ಗೋರಿಯ ಗತಿಯೇನಾಯಿತು? 1815ರಲ್ಲಿ ಮದೀನೆಯಲ್ಲಿ ಕೆಲವು ತಿಂಗಳು ರೋಗಪೀಡಿತನಾಗಿ ತಂಗಿದ್ದ ಸ್ವಿಸ್ ಪ್ರವಾಸಿ ಬರ್ಕ್‌ಹಾರ್ಟನು ತಿಳಿಸುವಂತೆ, ದೊರೆ ಸೌದನು ಗೋರಿಯ ಕೋಣೆಯಲ್ಲಿದ್ದ ಬೆಲೆಬಾಳುವ ವಸ್ತುಗಳನ್ನು ತೆಗೆಸಿಕೊಂಡನು. ಮೇಲಿನ ಗುಮ್ಮಟವನ್ನೂ ಕೆಡವಿಸಲು ಯತ್ನಿಸಿದನು. ಆದರೆ ಕಟ್ಟಡ ಗಟ್ಟಿಯಾಗಿತ್ತು, ಮೇಲೆ ಸೀಸದ ಹೊದಿಕೆಯಿತ್ತು. ಕೆಲಸಗಾರರಲ್ಲಿ ಇಬ್ಬರು ಆ ನುಣುಪಾದ ಮಾಡಿನಿಂದ ಜಾರಿಬಿದ್ದುದರಿಂದ ಕಾರ್ಯ ನಿಂತುಹೋಯಿತು. ಭಕ್ತರು ಇದನ್ನು ಪವಾಡವೆಂದು ಬಗೆದರೆ ಆಶ್ಚರ್ಯವಿಲ್ಲ. ಚರಿತ್ರೆಯ ವಿದ್ಯಾರ್ಥಿಗೆ ಕಾಣುವುದು ಬೇರೆ. ಕರ್ಬಲಾದಲ್ಲಿಯಾಗಲಿ ಮಕ್ಕೆಯಲ್ಲಿಯಾಗಲಿ ಇಬ್ಬರು ಬಿದ್ದರೆಂದು ಕೆಲಸ ನಿಂತುದಿಲ್ಲ. ಇಲ್ಲಿ ಮಾತ್ರ ನಿಲ್ಲಿಸುವುದಕ್ಕೆ ಒಂದು ನೆಪ ಬೇಕಾಗಿದ್ದಿತೆಂದು ತೋರುತ್ತದೆ.

ಸೌದನ ಆಳ್ವಿಕೆ ಹಿಜಾಜಿನಲ್ಲಿ ಬಹುಕಾಲ ನಡೆಯಲಿಲ್ಲ. ಶುಕ್ರವಾರದ ಪ್ರವಚನದಲ್ಲಿ ತುರ್ಕಿಯ ಸುಲ್ತಾನನ ಹೆಸರು ಬಿಟ್ಟುಹೋದುದು, ಸಿರಿಯದ ಯಾತ್ರಾಸಮೂಹವನ್ನು ತಡೆದುದು, ಇವುಗಳಿಂದ ಉಭಯ ಪುಣ್ಯಕ್ಷೇತ್ರಗಳ ಸೇವಕನೆಂಬ ಸುಲ್ತಾನನ ಬಿರುದಿಗೇ ಭಂಗ ಬಂದಿತ್ತು. ಅವನ ಅಪ್ಪಣೆಯಂತೆ ಈಜಿಪ್ಟಿನ ಮಹಮ್ಮದ್ ಅಲಿ ಪಾಷನು 1811ರಲ್ಲಿ ದಂಡೆತ್ತಿಸಿದನು. 1812ರಲ್ಲಿ ಮದೀನೆಯೂ 1813ರಲ್ಲಿ ಮಕ್ಕೆಯೂ ಹಿಂದಿರುಗಿ ಬಂದುವು. 1818ರಲ್ಲಿ ಪಾಷನ ಮಗ ಇಬ್ರಾಹೀಮನು ದಿರಿಯ್ಯಾವನ್ನು ಹಿಡಿದನು. ಗುಮ್ಮಟಗಳನ್ನು ಕೆಡವಿದವರ ರಾಜಧಾನಿಯೇ ಮರುವರ್ಷ ಹಾಳುದಿಬ್ಬವಾಯಿತು. ಬರ್ಕ್‌ಹಾರ್ಟನು ಕಂಡ ಬಕೀ ಕೇವಲ ಮಣ್ಣಿನ ರಾಶಿಯಾಗಿತ್ತು. 1853ರಲ್ಲಿ ವೇಷಮರೆಸಿಕೊಂಡು ಬಂದ ಇಂಗ್ಲಿಷ್ ಪ್ರವಾಸಿ ಬರ್ಟನನಿಗೆ ಅಲ್ಲಿ ಗುಮ್ಮಟಗಳೂ, ಪ್ರತಿಯೊಂದರ ಬಾಗಿಲಲ್ಲಿ ದಕ್ಷಿಣೆ ಬೇಡುವವರೂ ಕಾಣಿಸಿದರು. ಸುಲ್ತಾನ ಎರಡನೆಯ ಮಹಮೂದನು ಅವುಗಳನ್ನು ಮತ್ತೆ ಕಟ್ಟಿಸಿದ್ದನು. ಪೈಗಂಬರರ ಗೋರಿಯ ಗುಮ್ಮಟಕ್ಕೆ ಹಸಿರು ಬಣ್ಣ ಬಂದುದೂ ಅವನ ಕಾಲದಲ್ಲಿಯೇ, 1837ರಲ್ಲಿ. ಕಟ್ಟಿಸುವುದರಲ್ಲಿ ಭಕ್ತಿಯೆಷ್ಟಿತ್ತೋ, ಕಳೆದುಹೋಗಿದ್ದ ಅಧಿಕಾರವನ್ನು ಮತ್ತೆ ನೆಟ್ಟು ತೋರಿಸುವ ಇಚ್ಛೆಯೂ ಅಷ್ಟೇ ಇದ್ದಿತು.

ಇನ್ನು ಎರಡನೆಯ ಧ್ವಂಸ. 1902ರಲ್ಲಿ ರಿಯಾಧನ್ನು ಗೆದ್ದು ಮನೆತನದ ಭಾಗ್ಯವನ್ನು ಮರಳಿ ಸ್ಥಾಪಿಸಿದ ಅಬ್ದುಲ್ ಅಜೀಜ್ ಇಬ್ನ್ ಸೌದನು, ಅಲೆಮಾರಿ ಬುಡಕಟ್ಟುಗಳನ್ನು ಹೊಸ ವಸತಿಗಳಲ್ಲಿ ನೆಲೆಗೊಳಿಸಿ ಇಖ್ವಾನ್ ಎಂಬ ಧರ್ಮೋತ್ಸಾಹಿ ಸೈನ್ಯವನ್ನು ಕಟ್ಟಿದ್ದನು. ಹಿಜಾಜು ಆಗ ಷರೀಫ್ ಹುಸೇನನ ಕೈಯಲ್ಲಿದ್ದಿತು. 1924ರ ಮಾರ್ಚಿನಲ್ಲಿ ತುರ್ಕಿಯು ಖಿಲಾಫತ್ತನ್ನು ರದ್ದುಗೊಳಿಸಿದೊಡನೆಯೇ ಹುಸೇನನು ತಾನೇ ಖಲೀಫನೆಂದು ಸಾರಿಕೊಂಡನು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಖ್ವಾನರು ತಾಯಿಫನ್ನು ಹಿಡಿದು ರಕ್ತಪಾತ ನಡೆಸಿದರು. ಅಕ್ಟೋಬರಿನಲ್ಲಿ ಯಾತ್ರಿಕರ ಉಡುಪಿನಲ್ಲಿ, ಯುದ್ಧವಿಲ್ಲದೆ ಮಕ್ಕೆಯನ್ನು ಹೊಕ್ಕರು. ಪೈಗಂಬರರು ಹುಟ್ಟಿದರೆಂದು ನಂಬಲಾದ ಮನೆ, ಖದೀಜಾದೇವಿಯ ಗೋರಿಯ ಗುಮ್ಮಟ ಮುಂತಾದುವು ಇದಾದ ಕೆಲವು ತಿಂಗಳುಗಳಲ್ಲಿ ನಾಶವಾದುವು. ಮದೀನೆ ಮಾತ್ರ ಮುತ್ತಿಗೆಯನ್ನು ಸಹಿಸಿಕೊಂಡು ನಿಂತಿತ್ತು. ಕಡೆಗೆ 1925ರ ಡಿಸೆಂಬರಿನಲ್ಲಿ ಶರಣಾದಾಗಲೂ ನಗರದವರು ಇಖ್ವಾನ್ ನಾಯಕನಿಗೆ ಬಾಗಿಲು ತೆರೆಯಲೊಪ್ಪದೆ, ದೊರೆಯ ಮಗನೊಬ್ಬನು ಬಂದರೆ ಅವನಿಗೆ ಒಪ್ಪಿಸುವೆವೆಂದರು. ದೊರೆಯ ಮಗ ಮಹಮ್ಮದನು ಬಂದನು. ತಾಯಿಫಿನ ಸುದ್ದಿಯನ್ನು ಕೇಳಿದ್ದ ಜನ ಸೈನಿಕನಿಗಿಂತ ರಾಜನನ್ನು ನಂಬುವುದು ಮೇಲೆಂದು ಎಣಿಸಿದರು.

ಆ ನಂಬಿಕೆ ಅವರ ಪ್ರಾಣಗಳ ಮಟ್ಟಿಗೆ ಸುಳ್ಳಾಗಲಿಲ್ಲ. ಗುಮ್ಮಟಗಳ ಮಟ್ಟಿಗೆ ಹಾಗಾಗಲಿಲ್ಲ. 1926ರ ವಸಂತದಲ್ಲಿ ಮುಖ್ಯ ಕಾಜಿಯಾದ ಅಬ್ದುಲ್ಲಾ ಇಬ್ನ್ ಬುಲೈಹಿದನು ಮದೀನೆಗೆ ಬಂದು, ಗೋರಿಗಳ ಮೇಲೆ ಕಟ್ಟಡ ಕಟ್ಟುವುದು ಶಾಸ್ತ್ರಸಮ್ಮತವೇ ಎಂದು ಅಲ್ಲಿನ ಪಂಡಿತರನ್ನು ಪ್ರಶ್ನಿಸಿದನು. ನಗರ ಶರಣಾಗಿ ನಾಲ್ಕೈದು ತಿಂಗಳೂ ಕಳೆದಿರದಾಗ ಅವರು ಯಾವ ಉತ್ತರವನ್ನು ಕೊಡಬಹುದಾಗಿತ್ತು? ಸಮ್ಮತವಲ್ಲವೆಂಬ ಫತ್ವಾ ಸಿಕ್ಕಿತು. ಹಿಜರಿ 1344ರ ಶವ್ವಾಲ್ 8ರಂದು ಬಕೀಯ ಗುಮ್ಮಟಗಳನ್ನು ಕೆಡವಲಾಯಿತು. ಅದು 1926ರ ಏಪ್ರಿಲ್ 21ಕ್ಕೆ ಸಮನಾಗುತ್ತದೆ. ಹಲವು ಬರಹಗಳಲ್ಲಿ 1925ರ ಏಪ್ರಿಲ್ 21 ಎಂದು ಕಾಣುತ್ತದೆ. ಆ ದಿನ ನಡೆಯುತ್ತಿದ್ದುದು ಶವ್ವಾಲ್ ಅಲ್ಲ, ರಂಜಾನ್ ತಿಂಗಳು. ಮೇಲಾಗಿ ಮದೀನೆ ಇನ್ನೂ ಇಬ್ನ್ ಸೌದನ ವಶವಾಗಿರಲಿಲ್ಲ. ಆದುದರಿಂದ 1926ನ್ನೇ ಅಂಗೀಕರಿಸಬೇಕು.

ಮೊದಲಿನ ಧ್ವಂಸಕ್ಕೂ ಇದಕ್ಕೂ ಇರುವ ಭೇದ ಇಲ್ಲಿಯೇ ಗೋಚರಿಸುತ್ತದೆ. ಆಗ ಕೆಡವಿದವರು ಗೆದ್ದ ಸೈನಿಕರು. ಈಗ ಕೆಡವಿದುದು ಪ್ರಶ್ನೆ, ಉತ್ತರ, ಆಜ್ಞೆ ಎಂಬ ಕ್ರಮದಲ್ಲಿ ನಡೆದ ಒಂದು ರಾಜ್ಯ. ಉಸ್ಮಾನ್ ಮತ್ತು ಮಾಲಿಕರ ಗುಮ್ಮಟಗಳೂ ಇಮಾಮರ ಗುಮ್ಮಟದೊಡನೆಯೇ ಬಿದ್ದುದರಿಂದ, ಇದನ್ನು ಶಿಯಾ ದ್ವೇಷವೆಂದು ಮಾತ್ರ ವಿವರಿಸುವುದು ಸರಿಯಲ್ಲ.

ಈ ಸುದ್ದಿ ಅತ್ಯಂತ ತೀವ್ರವಾದ ಕಲಹವನ್ನೆಬ್ಬಿಸಿದ ದೇಶಗಳಲ್ಲಿ ಭಾರತವೂ ಒಂದು. ಇಲ್ಲಿನ ಖಿಲಾಫತ್ ಸಮಿತಿಯವರು ಮೊದಲಿಗೆ ಇಬ್ನ್ ಸೌದನ ಪಕ್ಷದಲ್ಲಿದ್ದರು. ಬ್ರಿಟಿಷರ ಸಹಾಯದಿಂದ ತುರ್ಕಿಯ ವಿರುದ್ಧ ಬಂಡೆದ್ದ ಷರೀಫ್ ಹುಸೇನನನ್ನು ಓಡಿಸಿದವನು ಅವರಿಗೆ ಪ್ರಿಯನಾದುದು ಸಹಜ. ಅವನು ಹಿಜಾಜಿನಲ್ಲಿ ಪ್ರಜಾಧಿಪತ್ಯವನ್ನು ಸ್ಥಾಪಿಸಿ ಹಿಂದೆ ಸರಿಯುವನೆಂಬ ಭರವಸೆಯೂ ಇತ್ತು. ಲಖನೌದ ಫಿರಂಗಿ ಮಹಲಿನ ಮೌಲಾನಾ ಅಬ್ದುಲ್ ಬಾರಿಯವರು ಮಾತ್ರ ಮಕ್ಕೆಯ ಧ್ವಂಸದ ಸುದ್ದಿ ಬಂದೊಡನೆ ಪ್ರತಿಭಟಿಸಿ, 1925ರಲ್ಲಿ ಪುಣ್ಯಕ್ಷೇತ್ರಗಳ ರಕ್ಷಣೆಗಾಗಿ ಬೇರೊಂದು ಸಂಘವನ್ನೇ ಕಟ್ಟಿದರು. ಮೌಲಾನಾ ಮಹಮ್ಮದ್ ಅಲಿಯವರು ಇವರ ಶಿಷ್ಯರು. ಆಧ್ಯಾತ್ಮಿಕ ದೀಕ್ಷೆಯನ್ನು ಪಡೆದವರು. ಗುರುಶಿಷ್ಯರು ಈ ಒಂದು ಪ್ರಶ್ನೆಯ ಮೇಲೆ ಬೇರೆಯಾದರು. ಅಮೃತಸರದ ಸನಾಉಲ್ಲಾ ಮೊದಲಾದ ಅಹಲೆ ಹದೀಸ್ ಪಂಡಿತರು ಇಬ್ನ್ ಸೌದನನ್ನು ಬಹಿರಂಗವಾಗಿ ಸಮರ್ಥಿಸಿದರು. 1926ರ ಜನವರಿಯಲ್ಲಿ ಎರಡು ಘಟನೆಗಳು ನಡೆದುವು: ಇಬ್ನ್ ಸೌದನು ತಾನೇ ಹಿಜಾಜಿನ ರಾಜನೆಂದು ಘೋಷಿಸಿಕೊಂಡನು, ಅಬ್ದುಲ್ ಬಾರಿಯವರು ನಿಧನರಾದರು. ಆ ವರ್ಷ ಜೂನಿನಲ್ಲಿ ಮಕ್ಕೆಯಲ್ಲಿ ಸೇರಿದ ವಿಶ್ವ ಮುಸ್ಲಿಂ ಸಮ್ಮೇಳನಕ್ಕೆ ಸುಲೈಮಾನ್ ನದ್ವಿಯವರ ಮುಖಂಡತ್ವದಲ್ಲಿ ಮಹಮ್ಮದ್ ಅಲಿ, ಶೌಕತ್ ಅಲಿ ಸಹೋದರರು ಹೋದರು. ಗೋರಿಗಳ ಪ್ರಶ್ನೆಯನ್ನು ಎತ್ತಿದರು, ಫಲ ಕಾಣಲಿಲ್ಲ. ಸಮರ್ಥಕರಾಗಿದ್ದ ಮಹಮ್ಮದ್ ಅಲಿಯವರು ಹಿಂದಿರುಗಿದುದು ವಿರೋಧಿಯಾಗಿ, ಎಂದರೆ ಗತಿಸಿದ ಗುರುವಿನ ಪಕ್ಷದವರಾಗಿ. ಪ್ರತಿವರ್ಷವೂ ಸೇರಬೇಕೆಂದಿದ್ದ ಆ ಸಮ್ಮೇಳನ ಮಕ್ಕೆಯಲ್ಲಿ ಮತ್ತೆ ಸೇರಲೇ ಇಲ್ಲ.

ಪ್ರತಿಭಟನೆಗಳು ವ್ಯರ್ಥವಾದುವೆಂದು ಇಷ್ಟರಿಂದ ಹೇಳಬಹುದೇ? ಪೂರ್ತಿಯಾಗಿ ಅಲ್ಲ. 1925ರ ಆಗಸ್ಟಿನಲ್ಲಿ, ಮದೀನೆಯ ಮುತ್ತಿಗೆಯ ಕಾಲದಲ್ಲಿ, ಪೈಗಂಬರರ ಮಸೀದಿಯ ಗುಮ್ಮಟಕ್ಕೆ ಗುಂಡು ತಗುಲಿತೆಂಬ ವದಂತಿ ಹಬ್ಬಿದಾಗ ಭಾರತದಲ್ಲಿಯೂ ಇರಾನಿನಲ್ಲಿಯೂ ಎದ್ದ ಕೋಲಾಹಲವನ್ನು ಇಬ್ನ್ ಸೌದನು ಕಂಡಿದ್ದನು. ಆ ಗುಮ್ಮಟದ ಕೆಳಗಿರುವುದು ಆಯಿಷಾದೇವಿಯ ಕೋಣೆ. ಪೈಗಂಬರರನ್ನು ಸಮಾಧಿ ಮಾಡಿದುದು ಅಲ್ಲಿ. ಎಂಟನೆಯ ಶತಮಾನದ ಆದಿಯಲ್ಲಿ ಮಸೀದಿಯನ್ನು ವಿಸ್ತರಿಸಿದಾಗ ಕೋಣೆ ಅದರೊಳಗೆ ಸೇರಿಹೋಯಿತು. 1279ರಲ್ಲಿ ಈಜಿಪ್ಟಿನ ಸುಲ್ತಾನ ಕಲಾವೂನನು ಮೊದಲ ಗುಮ್ಮಟವನ್ನು ಕಟ್ಟಿಸಿದನು. ಕೋಣೆ ಮೊದಲೇ ಇತ್ತು, ಗೋರಿ ಆಮೇಲೆ ಬಂದಿತು, ಆದುದರಿಂದ ಇದು ಗೋರಿಯ ಮೇಲೆ ಕಟ್ಟಿದ ಕಟ್ಟಡವಲ್ಲ ಎಂದು ವಾದಿಸಬಹುದು. ಕೋಣೆಗೆ ಆ ವಾದ ಸಲ್ಲುತ್ತದೆ. ಆರು ಶತಮಾನಗಳ ಮೇಲೆ ಕಟ್ಟಿದ ಗುಮ್ಮಟಕ್ಕೆ ಸಲ್ಲದು. ಬಕೀಯ ಮೇಲೆ ಪ್ರಯೋಗಿಸಿದ ತರ್ಕವನ್ನು ಇನ್ನೂರು ಮುನ್ನೂರು ಗಜ ಪಶ್ಚಿಮಕ್ಕೆ ಒಯ್ದಿದ್ದರೆ ಅದೂ ಬೀಳಬೇಕಾಗಿತ್ತು. ಬೀಳಲಿಲ್ಲ. ಯಾತ್ರಿಕರ ಆದಾಯವೇ ಬೊಕ್ಕಸಕ್ಕೆ ಮುಖ್ಯಾಧಾರವಾಗಿದ್ದ ಆ ಕಾಲದಲ್ಲಿ, ಲೋಕದ ಮುಸಲ್ಮಾನರೆಲ್ಲರನ್ನೂ ಒಮ್ಮೆಗೇ ಎದುರುಹಾಕಿಕೊಳ್ಳುವುದು ಯಾವ ರಾಜನಿಗೂ ಸಾಧ್ಯವಿರಲಿಲ್ಲ. ಇಬ್ನ್ ಸೌದನಿಗೆ ಇಖ್ವಾನರ ಉತ್ಸಾಹಕ್ಕೂ ಮಿತಿ ಬೇಕೆಂಬುದು ತಿಳಿದಿತ್ತು; 1929ರಲ್ಲಿ ಸಬಿಲಾ ಎಂಬಲ್ಲಿ ಅವರನ್ನೇ ಯುದ್ಧದಲ್ಲಿ ಮುರಿದನು.

ಬಕೀಯ ಪರವಾಗಿ ಅಂಥ ಬಲವಿರಲಿಲ್ಲ. 1818ರಲ್ಲಿ ಗುಮ್ಮಟಗಳ ಹಿಂದೆ ಒಬ್ಬ ಸುಲ್ತಾನನಿದ್ದನು, ಅವನ ಹಿಂದೆ ಈಜಿಪ್ಟಿನ ಸೈನ್ಯವಿದ್ದಿತು. 1926ರಲ್ಲಿ ಖಲೀಫನಿರಲಿಲ್ಲ, ತುರ್ಕಿ ಗಣರಾಜ್ಯಕ್ಕೆ ಹಿಜಾಜಿನ ಗೋರಿಗಳಲ್ಲಿ ಆಸಕ್ತಿಯಿರಲಿಲ್ಲ, ಭಾರತದ ಮುಸಲ್ಮಾನರಿಗೆ ಸ್ವಂತ ರಾಜ್ಯವಿರಲಿಲ್ಲ, ಇರಾನ್ ಕೆಲಕಾಲ ಮುನಿಸಿಕೊಂಡು 1929ರಲ್ಲಿ ಇಬ್ನ್ ಸೌದನೊಡನೆ ಸ್ನೇಹದ ಒಪ್ಪಂದ ಮಾಡಿಕೊಂಡಿತು.

ಸಂಶೋಧಕನಿಗಾದ ನಷ್ಟವೂ ಅಲ್ಪವಲ್ಲ. ಗುಮ್ಮಟಗಳೊಡನೆ ಶಾಸನಗಳು ಹೋದುವು, ಯಾರು ಯಾವಾಗ ಜೀರ್ಣೋದ್ಧಾರ ಮಾಡಿಸಿದರೆಂಬ ದಾಖಲೆಗಳು ಹೋದುವು. ಈಗ ಬಕೀಯ ಚಿತ್ರವನ್ನು ಕಟ್ಟಿಕೊಳ್ಳಬೇಕಾದರೆ ಇಬ್ನ್ ಜುಬೈರನನ್ನೂ, 1506ರಲ್ಲಿ ತೀರಿಕೊಂಡ ಮದೀನೆಯ ಚರಿತ್ರಕಾರ ಸಮಹೂದಿಯನ್ನೂ, ಬರ್ಟನನನ್ನೂ, ಹತ್ತೊಂಬತ್ತನೆಯ ಶತಮಾನದ ಕೊನೆಗೂ ಅನಂತರಕ್ಕೂ ಸೇರಿದ ಛಾಯಾಚಿತ್ರಗಳನ್ನೂ ಜೋಡಿಸಿ ನೋಡಬೇಕು. ಧ್ವಂಸವಾದ ಹೊಸದರಲ್ಲಿ ಅದನ್ನು ಕಂಡು ಬರೆದ ಇಂಗ್ಲಿಷ್ ಯಾತ್ರಿಕ ಎಲ್ಡನ್ ರಟರನಿಗೆ ಆ ಸ್ಥಳ ಭೂಕಂಪಕ್ಕೆ ಸಿಕ್ಕಿದ ಪಟ್ಟಣದಂತೆ ತೋರಿತು. ಅವನ ಪುಸ್ತಕ ಅಚ್ಚಾದುದು 1928ರಲ್ಲಿ.

ಮಕ್ಕೆಯಲ್ಲಿ ಪೈಗಂಬರರು ಹುಟ್ಟಿದರೆಂದು ನಂಬಲಾದ ನಿವೇಶನ ಮಾತ್ರ ವಿಲಕ್ಷಣವಾದ ರೀತಿಯಲ್ಲಿ ಉಳಿದುಕೊಂಡಿತು. 1950ರ ಸುಮಾರಿನಲ್ಲಿ ನಗರಾಡಳಿತದ ಮುಖ್ಯಸ್ಥರಾಗಿದ್ದ ಅಬ್ಬಾಸ್ ಕತ್ತಾನರು ಅಲ್ಲಿ ಒಂದು ಗ್ರಂಥಾಲಯವನ್ನು ಕಟ್ಟಿಸಿದರು. ಗ್ರಂಥಾಲಯಕ್ಕೆ ಯಾರೂ ಹರಕೆ ಹೊರುವುದಿಲ್ಲವಾದುದರಿಂದ ಪಂಡಿತರಿಗೆ ಆಕ್ಷೇಪಿಸಲು ಆಸ್ಪದವಿರಲಿಲ್ಲ. ಸ್ಥಳವನ್ನು ಬಲ್ಲವರು ಅದರ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ಬಕೀಯ ಮಟ್ಟಿಗೆ ಅಂಥ ಉಪಾಯವೇನೂ ಹೊಳೆಯಲಿಲ್ಲ. ಶವ್ವಾಲ್ 8ನ್ನು ಲಖನೌ ಮೊದಲಾದ ಊರುಗಳ ಶಿಯಾ ಜನರು ಇಂದಿಗೂ ಶೋಕದಿನವೆಂದು ಆಚರಿಸುತ್ತಾರೆ.